ದಿವಾಳಿ ಅರ್ಜಿ ಹಾಕಿದ ಮೇಲೂ ವಸೂಲಿ ಕಂಪನಿಯ ಮೇಲಿನ ದಾವೆಯನ್ನು ಉಳಿಸಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಯಾರಿಗಾದರೂ ಕೆಲಸ ಹೋದಾಗ ಅಥವಾ ಆಸ್ಪತ್ರೆಯ ಬಿಲ್ಲು ಕೈಮೀರಿದಾಗ ಸಾಲ ವಸೂಲಿ ಕಂಪನಿಗಳ ಫೋನು ಶುರುವಾಗುತ್ತದೆ. ಬೆದರಿಸುವ, ಸುಳ್ಳು ಹೇಳಿ ಹಣ ಕೀಳುವ ವಸೂಲಿದಾರರ ಮೇಲೆ ಸಾಲಗಾರರೇ ದಾವೆ ಹೂಡಲು ಅಲ್ಲಿನ 1977ರ ಎಫ್‌ಡಿಸಿಪಿಎ (ಫೇರ್ ಡೆಟ್ ಕಲೆಕ್ಷನ್ ಪ್ರಾಕ್ಟೀಸಸ್ ಆಕ್ಟ್) ಕಾಯ್ದೆ ಅವಕಾಶ ಕೊಟ್ಟಿದೆ. ಗೆದ್ದರೆ ಆದ ನಷ್ಟದ ಜೊತೆಗೆ 1,000 ಡಾಲರ್‌ವರೆಗೆ ಹೆಚ್ಚುವರಿ ಪರಿಹಾರವೂ ವಕೀಲರ ಶುಲ್ಕವೂ ಸಿಗುತ್ತವೆ. ಈ ದಾವೆ ನಡೆಯುತ್ತಿರುವಾಗಲೇ ದಿವಾಳಿ ಅರ್ಜಿ ಹಾಕಬೇಕಾಗಿ ಬಂದಾಗ ಜನ ಎಡವುತ್ತಾರೆ. ಇಂತಹ ಅರ್ಜಿಗಳನ್ನು ಸಿದ್ಧಪಡಿಸುವ ಕಚೇರಿಯಲ್ಲಿ ಕೆಲಸ ಮಾಡುವ ನಾನು, ಗೆಲ್ಲಬಹುದಾಗಿದ್ದ ದಾವೆಗಳು ತಪ್ಪು ಚೌಕದಲ್ಲಿ ಹಾಕಿದ ಒಂದೇ ಗುರುತಿನಿಂದ ಕೈಬಿಟ್ಟುಹೋದದ್ದನ್ನು ನೋಡಿದ್ದೇನೆ.

ಮೊದಲ ಹೆಜ್ಜೆ: ದಾವೆ ನಡೆಸುತ್ತಿರುವ ವಕೀಲರಿಗೆ ದಿವಾಳಿಯ ವಿಷಯವನ್ನೂ, ದಿವಾಳಿ ವಕೀಲರಿಗೆ ದಾವೆಯ ವಿಷಯವನ್ನೂ ಅರ್ಜಿ ಹಾಕುವ ಮುನ್ನವೇ ತಿಳಿಸಿ.

ಎರಡನೆಯ ಹೆಜ್ಜೆ: ದಿವಾಳಿ ಕಾನೂನಿನಲ್ಲಿರುವ ಎರಡು ದಾರಿಗಳಾದ ಚಾಪ್ಟರ್ 7 ಬೇಕೋ ಚಾಪ್ಟರ್ 13 ಬೇಕೋ ತೀರ್ಮಾನಿಸಿ. ಚಾಪ್ಟರ್ 7ರಲ್ಲಿ ಅರ್ಜಿ ಸಲ್ಲಿಸಿದ ಕ್ಷಣದಿಂದ ನಿಮ್ಮ ದಾವೆ ದಿವಾಳಿ ಆಸ್ತಿಯ, ಅಂದರೆ ಸಾಲದಾತರಿಗಾಗಿ ಒಟ್ಟುಗೂಡಿಸುವ ಆಸ್ತಿಯ, ಭಾಗವಾಗುತ್ತದೆ. ಅದನ್ನು ನಡೆಸುವ, ರಾಜಿ ಮಾಡಿಕೊಳ್ಳುವ, ಬಿಟ್ಟುಬಿಡುವ ಅಧಿಕಾರವೆಲ್ಲ ಆ ಆಸ್ತಿಯನ್ನು ನೋಡಿಕೊಳ್ಳಲು ನೇಮಕವಾದ ಟ್ರಸ್ಟಿಯ ಕೈಗೆ ಹೋಗುತ್ತದೆ. ಚಾಪ್ಟರ್ 13ರಲ್ಲಿ ಸಾಲ ತೀರಿಸುವ ಯೋಜನೆಯನ್ನು ಮೂರರಿಂದ ಐದು ವರ್ಷ ಪಾಲಿಸಬೇಕಾಗುತ್ತದೆ, ಆದರೆ ದಾವೆಯನ್ನು ಸಾಮಾನ್ಯವಾಗಿ ನೀವೇ ಮುಂದುವರಿಸಬಹುದು. ದಾವೆಯಲ್ಲಿ ನಿಜಕ್ಕೂ ಬಲವಿದ್ದು, ಕಂತು ಕಟ್ಟುವಷ್ಟು ಸ್ಥಿರ ವರಮಾನವೂ ಇದ್ದರೆ ಚಾಪ್ಟರ್ 13 ಆರಿಸಿಕೊಳ್ಳಿ ಎಂಬುದು ನನ್ನ ಖಚಿತವಾದ ಸಲಹೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಅರ್ಜಿ ಸಲ್ಲಿಸಿದೊಡನೆ ತಾನಾಗಿ ಜಾರಿಗೆ ಬರುವ ತಡೆ ನಿಮ್ಮ ವಿರುದ್ಧದ ಕ್ರಮಗಳಿಗೆ ಮಾತ್ರ ಅನ್ವಯಿಸುತ್ತದೆ. ವಸೂಲಿ ಕಂಪನಿ ಅದೇ ದಾವೆಯಲ್ಲಿ ಸಾಲದ ಹಣಕ್ಕಾಗಿ ಪ್ರತಿದಾವೆ ಹೂಡಿದ್ದರೆ ಅದು ನಿಲ್ಲುತ್ತದೆ. ನೀವು ಹೂಡಿದ ದಾವೆಯನ್ನು ಆ ತಡೆ ನಿಲ್ಲಿಸುವುದಿಲ್ಲ, ಅದರ ವಾಯಿದೆಗಳು ಓಡುತ್ತಲೇ ಇರುತ್ತವೆ.

ಮೂರನೆಯ ಹೆಜ್ಜೆ: ಅರ್ಜಿಯ ನಮೂನೆಗಳನ್ನು ತುಂಬುವುದು. ಹೆಚ್ಚಿನವರು ಸೋಲುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ನಿಮ್ಮ ಆಸ್ತಿಯ ಪಟ್ಟಿ ಇರುವುದು 106ಎ/ಬಿ ಎಂಬ ನಮೂನೆಯಲ್ಲಿ. ಮನೆ, ಕಾರು, ಪೀಠೋಪಕರಣ, ಬ್ಯಾಂಕ್ ಖಾತೆಗಳೆಲ್ಲ ಮುಗಿದು ಕಣ್ಣು ದಣಿಯುವ ಹೊತ್ತಿಗೆ 33ನೆಯ ಸಾಲು ಬರುತ್ತದೆ. ಇತರರ ಮೇಲೆ ನಿಮಗಿರುವ ಹಕ್ಕುಗಳನ್ನು, ದಾವೆ ಹೂಡಿದ್ದರೂ ಹೂಡದಿದ್ದರೂ, ಅಲ್ಲಿ ವಿವರಿಸಬೇಕು. ಪಕ್ಕದಲ್ಲಿ ಎರಡು ಪುಟ್ಟ ಚೌಕಗಳಿವೆ: ‘ಇಲ್ಲ’, ‘ಹೌದು’. ಈ ಸಾಲಿನಲ್ಲಿ ‘ಇಲ್ಲ’ ಎಂದು ಗುರುತು ಹಾಕಿದ್ದ ಮಹಿಳೆಯೊಬ್ಬರನ್ನು ವಿಚಾರಿಸಿದಾಗ, “ನನ್ನ ಮೇಲೆ ಯಾರೂ ಕೇಸು ಹಾಕಿಲ್ಲವಲ್ಲ, ಹಾಕಿದ್ದು ನಾನೇ. ಹಣವೂ ಇನ್ನೂ ಬಂದಿಲ್ಲ. ಅದು ಆಸ್ತಿ ಹೇಗಾಗುತ್ತದೆ ಮೇಡಂ?” ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದು, ಆದರೆ ಕಾನೂನಿನ ಕಣ್ಣಿಗೆ ಬರಬಹುದಾದ ಪರಿಹಾರವೂ ಆಸ್ತಿಯೇ. ‘ಹೌದು’ ಎಂದು ಗುರುತು ಹಾಕಿ, ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ, ಪ್ರತಿವಾದಿ ಕಂಪನಿಯ ಪೂರ್ಣ ಹೆಸರು ಮತ್ತು ಯಾವ ಕಾಯ್ದೆಯಡಿ ಹೂಡಿದ್ದು ಎಂಬುದನ್ನು ಬರೆಯಿರಿ. ಮೊತ್ತ ಎಷ್ಟೆಂದು ಹೇಳಲಾಗದಿದ್ದರೆ ಪ್ರಾಮಾಣಿಕವಾಗಿ ‘ಮೌಲ್ಯ ತಿಳಿದಿಲ್ಲ’ ಎನ್ನಿ; ಸೊನ್ನೆ ಬರೆಯಬೇಡಿ. ಅದೇ ದಾವೆಯನ್ನು 107ನೆಯ ನಮೂನೆಯ 9ನೆಯ ಪ್ರಶ್ನೆಯಲ್ಲಿ, ಕಳೆದ ಒಂದು ವರ್ಷದಲ್ಲಿ ನೀವು ಕಕ್ಷಿದಾರರಾಗಿದ್ದ ದಾವೆಗಳ ಸಾಲಿನಲ್ಲಿ, ಮತ್ತೊಮ್ಮೆ ತೋರಿಸಿ.

ಇದನ್ನು ಬಿಟ್ಟರೆ ಆಗುವುದೇನೆಂದರೆ, ಫೆಡರಲ್ ನ್ಯಾಯಾಲಯಗಳ ಕಡತಗಳು ಪೇಸರ್ ಎಂಬ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಿಗುವುದರಿಂದ ವಸೂಲಿ ಕಂಪನಿಯ ವಕೀಲರು ಅಲ್ಲಿ ನಿಮ್ಮ ಹೆಸರನ್ನು ಹುಡುಕಿ, ಅರ್ಜಿಯ ಆ ಪುಟವನ್ನು ತೆಗೆದು ನ್ಯಾಯಾಧೀಶರ ಮುಂದಿಡುತ್ತಾರೆ. ಒಂದು ನ್ಯಾಯಾಲಯದಲ್ಲಿ ಪ್ರಮಾಣಪೂರ್ವಕವಾಗಿ ಹಕ್ಕೇ ಇಲ್ಲ ಎಂದವರು ಇನ್ನೊಂದರಲ್ಲಿ ಅದೇ ಹಕ್ಕಿಗಾಗಿ ಹೋರಾಡುವಂತಿಲ್ಲ ಎಂಬ ತತ್ವದ ಮೇಲೆ ದಾವೆ ವಜಾ ಆಗಬಹುದು. ಬೇಕೆಂದೇ ಮುಚ್ಚಿಟ್ಟರೆ ಅದು ಅಪರಾಧವೂ ಹೌದು. ಕಡಿಮೆ ಹಣಕ್ಕೆ ಅರ್ಜಿ ಟೈಪ್ ಮಾಡಿಕೊಡುವ ಪೆಟಿಷನ್ ಪ್ರಿಪೇರರ್‌ಗಳ ಬಳಿ ಈ ಕೆಲಸಕ್ಕೆ ಹೋಗಲೇಬೇಡಿ. ಕಾನೂನು ಸಲಹೆ ಕೊಡಲು ಅವರಿಗೆ ಅಧಿಕಾರವಿಲ್ಲ, ಹೀಗಾಗಿ ನೀವು ಹೇಳದ ದಾವೆಯ ಬಗ್ಗೆ ಕೆದಕಿ ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ದಾವೆಯನ್ನು ತೋರಿಸಲು ಮರೆತಿದ್ದರೆ, ದಿವಾಳಿ ಪ್ರಕರಣ ಮುಕ್ತಾಯವಾಗುವ ಮುನ್ನ ಯಾವಾಗ ಬೇಕಾದರೂ ತಿದ್ದುಪಡಿ ಸಲ್ಲಿಸಬಹುದು. ಪ್ರತಿವಾದಿ ಬೆರಳು ತೋರಿಸಿದ ಮೇಲೆ ಮಾಡಿದ ತಿದ್ದುಪಡಿಗಿಂತ ನೀವಾಗಿಯೇ ಮಾಡಿದ್ದಕ್ಕೆ ಬೆಲೆ ಹೆಚ್ಚು. ಮುಕ್ತಾಯವಾಗಿದ್ದರೆ ಪ್ರಕರಣವನ್ನು ಮತ್ತೆ ತೆರೆಯಲು ಕೋರಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: 106ಸಿ ನಮೂನೆಯಲ್ಲಿ ದಾವೆಗೆ ವಿನಾಯಿತಿ ಕೋರಿ, ಅಂದರೆ ಅದು ಸಾಲದಾತರ ಪಾಲಾಗದೆ ನಿಮಗೇ ಉಳಿಯಲಿ ಎಂದು ಕೇಳಿ. ಫೆಡರಲ್ ಪಟ್ಟಿಯಲ್ಲಿ ಯಾವ ಆಸ್ತಿಗಾದರೂ ಬಳಸಬಹುದಾದ ವಿನಾಯಿತಿ ಏಪ್ರಿಲ್ 2025ರಿಂದ 1,675 ಡಾಲರ್. ಮನೆಯ ವಿನಾಯಿತಿಯನ್ನು ಬಳಸದೆ ಉಳಿಸಿದ್ದರೆ ಅದರಲ್ಲಿ 15,800 ಡಾಲರ್‌ವರೆಗೆ ಸೇರಿಸಿಕೊಳ್ಳಬಹುದು. ನ್ಯೂಜೆರ್ಸಿ, ಟೆಕ್ಸಾಸ್‌ನವರು ಈ ಪಟ್ಟಿಯನ್ನು ಆರಿಸಿಕೊಳ್ಳಬಹುದು, ಕ್ಯಾಲಿಫೋರ್ನಿಯಾದವರು ತಮ್ಮ ರಾಜ್ಯದ ಪಟ್ಟಿಯನ್ನೇ ಬಳಸಬೇಕು. ಬಾಡಿಗೆ ಮನೆಯಲ್ಲಿರುವವರ ಸಣ್ಣ ದಾವೆ ಎಷ್ಟೋ ಸಲ ಪೂರ್ತಿಯಾಗಿ ಈ ವಿನಾಯಿತಿಯೊಳಗೆ ಬರುತ್ತದೆ. ಆದರೂ ಜನ ಇದನ್ನು ಕೇಳುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಐದನೆಯ ಹೆಜ್ಜೆ: ಟ್ರಸ್ಟಿ ನಿಮ್ಮನ್ನು ಪ್ರಶ್ನಿಸುವ, 341 ಸಭೆ ಎಂದು ಕರೆಯುವ ವಿಚಾರಣೆಯಲ್ಲಿ ಅವರು ಕೇಳುವ ಮೊದಲೇ ದಾವೆಯ ವಿಷಯ ತಿಳಿಸಿ.

ಅಲ್ಲಿಂದಾಚೆಗೆ ಚಾಪ್ಟರ್ 7ರಲ್ಲಿ ಪ್ರತಿವಾದಿ ಕಂಪನಿ ನಿಮಗೇ ಕರೆ ಮಾಡಿ ಎಷ್ಟೇ ಆಕರ್ಷಕ ಮೊತ್ತಕ್ಕೆ ರಾಜಿ ಮುಂದಿಟ್ಟರೂ ಒಪ್ಪಬೇಡಿ, ಸಹಿ ಹಾಕಬೇಡಿ. ರಾಜಿ ಟ್ರಸ್ಟಿಯ ಮೂಲಕ, ದಿವಾಳಿ ನ್ಯಾಯಾಲಯದ ಒಪ್ಪಿಗೆಯೊಂದಿಗೇ ಆಗಬೇಕು. ನಿಮ್ಮ ಹಳೆಯ ವಕೀಲರೇ ಟ್ರಸ್ಟಿಯ ಪರವಾಗಿ ದಾವೆ ನಡೆಸಬೇಕಾದರೆ ಅವರ ನೇಮಕಕ್ಕೂ ನ್ಯಾಯಾಲಯದ ಅನುಮತಿ ಬೇಕು. ಅರ್ಜಿ ಸಲ್ಲಿಸಿದ ಮೇಲೂ ಯಾರಾದರೂ ವಸೂಲಿಗಾಗಿ ಕರೆ ಮಾಡಿದರೆ ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಚಾಪ್ಟರ್ 7ರಲ್ಲಿ ಆ ಹೊಸ ಕಿರುಕುಳದ ಹಕ್ಕು ಸಾಮಾನ್ಯವಾಗಿ ಟ್ರಸ್ಟಿಗಲ್ಲ, ನಿಮಗೇ ಸೇರುತ್ತದೆ.

ದಾವೆಯಿಂದ ಸಾಲದಾತರಿಗೆ ಲಾಭವಿಲ್ಲವೆಂದು ಕಂಡರೆ ಟ್ರಸ್ಟಿ ಅದನ್ನು ನಿಮಗೆ ಬಿಟ್ಟುಕೊಡಬಹುದು. ಹಾಗೆ ಮಾಡದೆ ಪ್ರಕರಣ ಮುಕ್ತಾಯವಾದರೂ ಪಟ್ಟಿಯಲ್ಲಿ ತೋರಿಸಿದ್ದ ದಾವೆ ಸಾಮಾನ್ಯವಾಗಿ ನಿಮಗೆ ಮರಳುತ್ತದೆ, ತೋರಿಸದೆ ಬಿಟ್ಟದ್ದು ಮರಳುವುದಿಲ್ಲ. ಮರಳಿದ್ದನ್ನು ತೋರಿಸುವ ದಾಖಲೆಯ ಪ್ರತಿಯನ್ನು ತೆಗೆದುಕೊಂಡು ಮೂಲ ದಾವೆಯ ಕಡತಕ್ಕೆ ಕೂಡಲೇ ಸೇರಿಸಿ, ಏಕೆಂದರೆ ದಾವೆ ನಡೆಸಲು ನಿಮಗೆ ಹಕ್ಕಿದೆಯೇ ಎಂಬ ಪ್ರಶ್ನೆಯನ್ನೇ ಎದುರಾಳಿ ವಕೀಲರು ಮುಂದಿನ ವಾಯಿದೆಯಲ್ಲಿ ಎತ್ತುತ್ತಾರೆ.