'ದಾಸ್ ಬೋಟ್' ನೋಡುವ ಮೊದಲು ಅಡಿಕೆ ತೋಟಕ್ಕೆ ಹೋಗಿ

'ದಾಸ್ ಬೋಟ್' ಎರಡನೇ ಮಹಾಯುದ್ಧದ ಒಂದು ಜರ್ಮನ್ ಸಬ್‌ಮೆರೀನಿನ ಕಥೆ ಹೇಳುವ ಸಿನಿಮಾ. ಅದನ್ನು ನೋಡುವ ದಿನ ಸಂಜೆ ಬೆಳಕಿರುವಾಗಲೇ ತೋಟಕ್ಕೆ ಇಳಿಯಿರಿ. ನಮ್ಮ ನೀರ್ಚಾಲು ಕಡೆ ಒಂಬತ್ತು ಅಡಿಗೊಂದು ಅಡಿಕೆ ಗಿಡ ನೆಡುತ್ತೇವೆ. ಒಂದೇ ಸಾಲಿನಲ್ಲಿ 25 ಮರ ಎಣಿಸುತ್ತಾ ನಡೆಯಿರಿ. ಸುಮಾರು 67 ಮೀಟರ್ ಆಯಿತು. ಈ ಸಿನಿಮಾದ ಜರ್ಮನ್ ಸಬ್‌ಮೆರೀನ್ ಯು-96 ಇಷ್ಟೇ ಉದ್ದ. ಅಗಲ ಆರು ಮೀಟರ್ ಚಿಲ್ಲರೆ. ಅದರಲ್ಲೇ ಟಾರ್ಪಿಡೊ, ಡೀಸೆಲ್ ಇಂಜಿನ್, ಬ್ಯಾಟರಿ, ವಾರಗಟ್ಟಲೆ ಊಟದ ಸಾಮಾನು, ನಲವತ್ತಕ್ಕೂ ಜಾಸ್ತಿ ಜನ. ಇಷ್ಟು ನಡೆದು ಬಂದವರಿಗೆ ಮತ್ತೆ ಏನೂ ವಿವರಿಸಬೇಕಾಗುವುದಿಲ್ಲ.

ಇನ್ನು ಯಾವ ಪ್ರತಿ ನೋಡಬೇಕು? 1981ರಲ್ಲಿ ಥಿಯೇಟರಿಗೆ ಬಂದದ್ದು ಎರಡೂವರೆ ಗಂಟೆಯದ್ದು. ನಿರ್ದೇಶಕ ವೋಲ್ಫ್‌ಗಾಂಗ್ ಪೀಟರ್ಸನ್ 1997ರಲ್ಲಿ ಮತ್ತೆ ಕೂಡಿಸಿ ಕೊಟ್ಟದ್ದು ಸುಮಾರು ಮೂರೂವರೆ ಗಂಟೆ. ಅದನ್ನೇ ಹುಡುಕಿ. ಕಾಯುವುದೇ ಈ ಸಿನಿಮಾದ ಜೀವ, ಅದನ್ನು ಕತ್ತರಿಸಿದರೆ ಉಳಿಯುವುದು ಬರೀ ಕಥೆ. ಮಾತು ಜರ್ಮನ್‌ನಲ್ಲೇ ಇರಲಿ, ಕೆಳಗೆ ಅಕ್ಷರ ಓದಿಕೊಳ್ಳಿ.

ಎಲ್ಲಿ ಕೂರುತ್ತೀರಿ ಅನ್ನುವುದು ತುಂಬಾ ಮುಖ್ಯ. ನಾನು ಮೊದಲ ಸಲ ಚಿಕ್ಕಪ್ಪನ ಮಕ್ಕಳನ್ನೆಲ್ಲ ಸೇರಿಸಿ ಅಂಗಳದ ತಗಡಿನ ಮಾಡಿನ ಕೆಳಗೆ ತೋರಿಸಿದೆ. ಆಟಿ ತಿಂಗಳು. ಮಳೆ ಹೊಯ್ದ ಸದ್ದಿಗೆ ಏನೂ ಕೇಳಲಿಲ್ಲ, ಅರ್ಧಕ್ಕೇ ಎಲ್ಲರೂ ಎದ್ದರು. ನನಗೆ ಬಹಳ ಬೇಜಾರಾಯಿತು. ಯಾಕೆಂದರೆ ಇದು ಕಿವಿಯಲ್ಲಿ ನೋಡುವ ಸಿನಿಮಾ. ನನ್ನ ಅಪ್ಪ ನೀರಿಗಾಗಿ ಸುರಂಗ ಕೊರೆದವರು. ಚಿಕ್ಕಂದಿನಲ್ಲಿ ಅವರ ಹಿಂದೆ ಬಗ್ಗಿಕೊಂಡು ಒಳಗೆ ಹೋಗುತ್ತಿದ್ದೆ. ಇಪ್ಪತ್ತು ಹೆಜ್ಜೆ ದಾಟಿದರೆ ಕಣ್ಣು ಕೆಲಸಕ್ಕೆ ಬಾರದು. ಎಲ್ಲೋ ತೊಟ್ಟಿಕ್ಕುವ ಹನಿ, ಅಪ್ಪನ ಉಸಿರು, ಅಷ್ಟೇ. ನೀರಿನಡಿಯ ಆ ಹುಡುಗರೂ ಹಾಗೆಯೇ. ಮೇಲೆ ಶತ್ರು ಹಡಗನ್ನು ಮುಂದೂಡುವ ಫ್ಯಾನ್ ತಿರುಗುವ ಸದ್ದು, ಆಮೇಲೆ ಸದ್ದಿನ ಪ್ರತಿಧ್ವನಿಯಿಂದಲೇ ಸಬ್‌ಮೆರೀನ್ ಹುಡುಕುವ ಸೋನಾರಿನ 'ಟಿಂಗ್'. ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಾರೆ, ನೋಡಲು ಅಲ್ಲಿ ಬರೀ ಪೈಪು. ಹಾಗಾಗಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಸೆಕೆಯಾದರೆ ಆಗಲಿ.

ನೋಡುವಾಗ ಗಡ್ಡಗಳ ಮೇಲೆ ಕಣ್ಣಿಡಿ. ದೃಶ್ಯಗಳನ್ನು ಹೆಚ್ಚುಕಮ್ಮಿ ಕಥೆಯ ಕ್ರಮದಲ್ಲೇ ತೆಗೆದರು, ಗಡ್ಡ ನಿಜವಾಗಿ ಬೆಳೆಯಿತು. ನಟರನ್ನು ಬಿಸಿಲಿಗೇ ಬಿಡಲಿಲ್ಲ, ಅದಕ್ಕೇ ಮುಖ ಅಷ್ಟು ಬಿಳಿಚಿಕೊಂಡಿದೆ. ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೊದಲ್ಲಿ ಇಡೀ ಒಳಾಂಗಣ ಕಟ್ಟಿ, ಹೈಡ್ರಾಲಿಕ್ ಮೇಲೆ ಕೂರಿಸಿ ಓಲಾಡಿಸಿದರು. ಆ ಸಂದಿಯಲ್ಲೇ ಛಾಯಾಗ್ರಾಹಕ ಯೋಸ್ಟ್ ವಕಾನೊ ಮೈಗೆ ಪ್ಯಾಡ್ ಕಟ್ಟಿ, ಅಲುಗಾಟ ತಡೆಯಲು ಗೈರೊಸ್ಕೋಪ್ ಜೋಡಿಸಿದ ಕ್ಯಾಮೆರಾ ಕೈಯಲ್ಲಿ ಹಿಡಿದು ಓಡಿದರು. ಡೈವ್ ಮಾಡುವ ಆಜ್ಞೆಗೆ, ಮುಂದೆ ಭಾರವಾಗಿ ಬೇಗ ಮುಳುಗಲಿ ಅಂತ ಎಲ್ಲರೂ ಮುಂಭಾಗಕ್ಕೆ ಓಡುತ್ತಾರಲ್ವಾ, ಅಲ್ಲಿ ಒಂದು ಸಲ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ.

ಬಿರುಗಾಳಿಯಲ್ಲಿ ಒಬ್ಬ ಜಾರಿ ಬೀಳುತ್ತಾನೆ. ಅದು ನಟನೆಯಲ್ಲ. ನಟ ಯಾನ್ ಫೆಡರ್ ನಿಜವಾಗಿ ಬಿದ್ದು ಪಕ್ಕೆಲುಬು ಮುರಿದುಕೊಂಡರು, ಪಕ್ಕದವನ ಕೂಗೂ ನಿಜದ್ದೇ.

ಜಿಬ್ರಾಲ್ಟರ್ ಅನ್ನುವ ಇಕ್ಕಟ್ಟಾದ ಜಲಸಂಧಿ ಬರುವಷ್ಟರಲ್ಲಿ ಚಹಾ ಕುಡಿದು ಮುಗಿಸಿರಿ. ದೋಣಿ 280 ಮೀಟರಿಗೆ ಇಳಿಯುತ್ತದೆ. ಅಲ್ಲಿ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 28 ಕಿಲೋ ಭಾರ. ಬೋಲ್ಟುಗಳು ಗುಂಡಿನ ಹಾಗೆ ಸಿಡಿಯುತ್ತವೆ. ಆಗ ಯಾರೂ ಮಾತಾಡಬೇಡಿ.