ಕ್ರ್ಯಾಶ್ ಯಾವುದು, ಬೇರ್ ಮಾರ್ಕೆಟ್ ಯಾವುದು: ಲೆಕ್ಕ ಹಾಕಿ ಗುರುತಿಸುವ ಬಗೆ

ಸೂಚ್ಯಂಕ ಒಂದೇ ದಿನ ಶೇ. 3–4ರಷ್ಟು ಇಳಿದರೆ ಸಾಕು, ಷೇರುಪೇಟೆ ನೆಲಕಚ್ಚಿತು ಎಂಬ ಹುಯಿಲು ಏಳುತ್ತದೆ. ಕ್ರ್ಯಾಶ್ ಎಂದು ಹೇಳಲು ನೋಡಬೇಕಾದದ್ದು ಇಳಿತದ ವೇಗ. ಬೇರ್ ಮಾರ್ಕೆಟ್, ಅಂದರೆ ಕರಡಿ ಹಿಡಿತ ಎನ್ನಲು ನೋಡಬೇಕಾದದ್ದು ಅದರ ಆಳ.

ಮೊದಲು ಆಳ ಅಳೆಯಿರಿ. ಸೂಚ್ಯಂಕದ ಇತ್ತೀಚಿನ ಗರಿಷ್ಠ ಮಟ್ಟ ಹುಡುಕಿ. ವಹಿವಾಟಿನ ನಡುವೆ ಮುಟ್ಟಿ ಬಂದ ಎತ್ತರವಲ್ಲ, ದಿನದ ಕೊನೆಯ ಅಂಕಿ. ಅದು 24,000 ಇದ್ದು ಇಂದು 19,800ಕ್ಕೆ ಬಂದಿದ್ದರೆ ಇಳಿದದ್ದು 4,200. ಇದನ್ನು 24,000ದಿಂದ ಭಾಗಿಸಿದರೆ ಶೇ. 17.5. ಬಹಳ ಜನ ಎಡವುವುದು ಇಲ್ಲಿಯೇ: 19,800ರಿಂದ ಭಾಗಿಸಿ, ಶೇ. 21.2 ಬಂತೆಂದು ಗಾಬರಿಯಾಗುತ್ತಾರೆ. ರೂಢಿಯಲ್ಲಿ ಶೇ. 10 ಇಳಿದರೆ ಕರೆಕ್ಷನ್, ಶೇ. 20 ಇಳಿದರೆ ಬೇರ್ ಮಾರ್ಕೆಟ್. ಶೇ. 19.8ಕ್ಕೂ 20ಕ್ಕೂ ನಿಮ್ಮ ಹಣದ ಮಟ್ಟಿಗೆ ಅಂಥ ವ್ಯತ್ಯಾಸವೇನೂ ಇಲ್ಲ, ಬಿಡಿ.

ಆಮೇಲೆ ದಿನ ಎಣಿಸಿ. ಕ್ರ್ಯಾಶ್‌ಗೆ ಇಂತಿಷ್ಟೇ ಎಂಬ ಗೆರೆಯಿಲ್ಲ. ಒಂದು ದಿನದಲ್ಲೋ ಕೆಲವೇ ದಿನಗಳಲ್ಲೋ ಶೇ. 10ಕ್ಕೂ ಹೆಚ್ಚು ಕಳಚಿಬಿದ್ದರೆ ಹಾಗೆನ್ನುತ್ತಾರೆ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 22.6 ಬಿತ್ತು. ಆದರೂ ಆ ವರ್ಷವನ್ನು ಅಲ್ಪ ಏರಿಕೆಯಲ್ಲೇ ಮುಗಿಸಿತು. 2022ರದ್ದು ಇದಕ್ಕೆ ತದ್ವಿರುದ್ಧ: ಬಡ್ಡಿದರ ಏರುತ್ತಾ ಹೋದಂತೆ ಅಮೆರಿಕದ ಇನ್ನೊಂದು ಸೂಚ್ಯಂಕ ಎಸ್ ಆ್ಯಂಡ್ ಪಿ 500 ಜನವರಿಯಿಂದ ಅಕ್ಟೋಬರ್‌ವರೆಗೆ ತೆವಳುತ್ತಾ ಸುಮಾರು ಶೇ. 25 ಇಳಿಯಿತು, ಕ್ರ್ಯಾಶ್ ಎನ್ನುವಂಥ ದಿನವೇ ಬರಲಿಲ್ಲ. ಎರಡೂ ಒಟ್ಟಿಗೆ ಬರುವುದೂ ಉಂಟು: 2020ರ ಫೆಬ್ರುವರಿ 19ರಿಂದ ಮಾರ್ಚ್ 23ರೊಳಗೆ ಅದೇ ಸೂಚ್ಯಂಕ ಶೇ. 34 ಕಳೆದುಕೊಂಡು, ಆಗಸ್ಟ್‌ನಲ್ಲಿ ಹಳೆಯ ಮಟ್ಟಕ್ಕೆ ಮರಳಿತು.

ಕ್ರ್ಯಾಶ್‌ನ ದಿನ ಕೊಳ್ಳುವವರು ಸಿಗುವುದೇ ಕಷ್ಟ. ಸಾಲದಲ್ಲಿ ಷೇರು ಹಿಡಿದವರಿಗೆ ಮಾರ್ಜಿನ್ (ಸಾಲಕ್ಕೆ ಭದ್ರತೆಯಾಗಿ ಇಡಬೇಕಾದ ಹಣ) ಕಟ್ಟಲು ಕರೆ ಬರುತ್ತದೆ, ಕಟ್ಟದಿದ್ದರೆ ಬ್ರೋಕರ್ ಸಿಕ್ಕ ಬೆಲೆಗೆ ಮಾರುತ್ತಾನೆ, ಅದರಿಂದ ಬೆಲೆ ಇನ್ನೂ ಇಳಿದು ಮತ್ತಷ್ಟು ಜನರಿಗೆ ಕರೆ ಹೋಗುತ್ತದೆ. ಸ್ಟಾಪ್ ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ಮಾರಿಬಿಡಿ ಎಂಬ ಆದೇಶ) ಇದೆಯಲ್ಲ ಎಂಬ ಧೈರ್ಯವೂ ಕೈಕೊಡಬಹುದು. ನಿನ್ನೆ 100ಕ್ಕೆ ಮುಗಿದ ಷೇರಿಗೆ ನೀವು 95ರಲ್ಲಿ ಸ್ಟಾಪ್ ಇಟ್ಟಿದ್ದೀರಿ. ಇಂದು ಅದು ನೇರ 82ಕ್ಕೇ ತೆರೆದರೆ ಮಾರಾಟವಾಗುವುದು 82ರ ಆಸುಪಾಸಿನಲ್ಲಿ. ಸ್ಟಾಪ್ ಜೊತೆ 93ರ ಲಿಮಿಟ್, ಅಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡಿ ಎಂಬ ಮಿತಿ ಇಟ್ಟಿದ್ದರೆ ಮಾರಾಟವೇ ಆಗದೆ ಷೇರು ನಿಮ್ಮಲ್ಲೇ ಉಳಿಯುತ್ತದೆ. ಅಂಥ ದಿನ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ವ್ಯವಹರಿಸುವ ಆದೇಶ) ಮುಟ್ಟಬೇಡಿ. ವ್ಯವಹರಿಸಲೇಬೇಕಿದ್ದರೆ ಲಿಮಿಟ್ ಆರ್ಡರ್ ಹಾಕಿ, ಸಾಲದ ಭಾಗವನ್ನು ಮೊದಲು ಇಳಿಸಿಕೊಳ್ಳಿ.

ಬೇರ್ ಮಾರ್ಕೆಟ್ ದಣಿಸುತ್ತದೆ, ನಡುನಡುವೆ ಆಸೆಯನ್ನೂ ಹುಟ್ಟಿಸುತ್ತದೆ. 2008ರ ನವೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಎಸ್ ಆ್ಯಂಡ್ ಪಿ ಸುಮಾರು ಶೇ. 24 ಏರಿತ್ತು. ತಳ ಮುಟ್ಟಿಯಾಯಿತೆಂದು ಇದ್ದಬದ್ದ ಹಣವನ್ನೆಲ್ಲ ಆಗ ಹಾಕಿದವರು ಮಾರ್ಚ್ 9ರಂದು ಇನ್ನೂ ಕೆಳಗಿನ ಮಟ್ಟ ನೋಡಬೇಕಾಯಿತು. ಆದ್ದರಿಂದ ಕೊಳ್ಳುವ ಮೊತ್ತವನ್ನು 12 ಸಮಪಾಲು ಮಾಡಿ, ತಿಂಗಳಿಗೊಂದು ಪಾಲು ಹಾಕಿ. ಮೂರ್ನಾಲ್ಕು ವರ್ಷದೊಳಗೆ ಬೇಕಾಗುವ ಹಣ ಇದರಲ್ಲಿ ಸೇರಕೂಡದು: ಶೇ. 50 ಕಳೆದುಕೊಂಡ ಮೊತ್ತ ಮೊದಲಿನಷ್ಟಾಗಲು ಶೇ. 100 ಏರಬೇಕು.