ಹೊರದೇಶದ ಪತ್ರಕ್ಕೂ ಮೊದಲು ಊರಿನ ಕಡತ

ಶರಾವತಿ ಮುಳುಗಡೆಯವರ ಜಮೀನಿನ ಹಕ್ಕಿಗಾಗಿ ಹೊರದೇಶದ ರೈತ ಸಂಘಟನೆಗಳಿಂದ ಪತ್ರ ಬರೆಸುತ್ತೇವೆ ಎಂದರೆ ದೊಡ್ಡ ಕೆಲಸದಂತೆ ಕೇಳಿಸುತ್ತದೆ. ಅದರಲ್ಲಿ ಮುಕ್ಕಾಲು ಪಾಲು ದುಡಿಮೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೇ ಮುಗಿಯುತ್ತದೆ. ಬ್ರೆಜಿಲ್‌ನವರೋ ಜರ್ಮನಿಯವರೋ ಕೇಳುವ ಪ್ರಶ್ನೆಗೆ ತೂಕ ಬರುವುದು ಇಲ್ಲಿನ ಕಾಗದ ಗಟ್ಟಿಯಿದ್ದರೆ ಮಾತ್ರ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ನಿಜ. ಆದರೆ ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದು ಎಂಬ ಲೆಕ್ಕ ಅದಕ್ಕೂ ಮೊದಲೇ ಗೇಣಿದಾರರ ಬಾಯಲ್ಲಿತ್ತು.

ಊರಿನ ಅರ್ಜಿಗಳನ್ನೆಲ್ಲ ಮೊದಲು ಮೂರು ಕಟ್ಟು ಮಾಡುತ್ತೇವೆ. ಶರಾವತಿಗೆ ಕಟ್ಟಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟವರನ್ನು ಸರ್ಕಾರವೇ ಕೂರಿಸಿದ ಜಾಗ, ಇಂದಿಗೂ ಪಹಣಿಯಲ್ಲಿ ಹೆಸರು ಕೂರದಿದ್ದರೆ ಅದು ಒಂದನೇ ಕಟ್ಟು. ನಮೂನೆ 50, 53, 57ರ ಬಗರ್ ಹುಕುಂ, ಅಂದರೆ ಮಂಜೂರಾತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ ಅರ್ಜಿಗಳು, ಎರಡನೆಯದು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಮೂರನೆಯದು. ಪುರಾವೆಯೂ ಬೇರೆ, ತೀರ್ಮಾನಿಸುವ ಸಮಿತಿಯೂ ಬೇರೆ. ಮೂರನ್ನೂ ಒಂದೇ ಪತ್ರದಲ್ಲಿ ಕಲಸಿದರೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ.

ಹೆಚ್ಚು ಜನ ಎಡವುವುದು ಮೂರನೇ ಕಟ್ಟಿನಲ್ಲಿ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. ಅರವತ್ತರ ದಶಕದಲ್ಲಿ ಎತ್ತಂಗಡಿಯಾದವರಿಗೆ ಈಗಿನ ಜಾಗದಲ್ಲಿ ಆ ಲೆಕ್ಕ ಕೂಡುವುದೇ ಇಲ್ಲ. ಅವರನ್ನು ಇದಕ್ಕೆ ಸೇರಿಸಿ ಸೋಲಿಸಬಾರದು, ಅವರ ದಾರಿ ಒಂದನೇ ಕಟ್ಟು. ಅರ್ಹರಿದ್ದವರಿಗೆ ಅರಣ್ಯ ಹಕ್ಕು ಕಾಯ್ದೆಯ ನಿಯಮ 13ರಲ್ಲಿ ಹೇಳಿದ ಪುರಾವೆಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು: ಹಳೇ ಸರ್ವೆ ನಕ್ಷೆ, ಬಾವಿ, ಸ್ಮಶಾನ, ದೇವರ ಬನ, ಹಿರಿಯರ ಹೇಳಿಕೆ. ಈ ಹಿರಿಯರು ಅರ್ಜಿದಾರರೇ ಆಗಿರಬಾರದು, ಹೇಳಿಕೆ ಬರಹದಲ್ಲಿರಬೇಕು.

ಕಚೇರಿಯ ಕಾಗದ ಮಾಹಿತಿ ಹಕ್ಕಿನಲ್ಲಿ ತೆಗೆಸುತ್ತೇವೆ. 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಊರಿನ ಕಷ್ಟವನ್ನೆಲ್ಲ ಅದರಲ್ಲಿ ಬರೆಯಲು ಹೋದವರ ಅರ್ಜಿ ವಾಪಸ್ ಬರುತ್ತದೆ.

ಜಾಗದ ಗಡಿ ನಡೆದು ಗುರುತಿಸುವುದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಮಳೆಗಾಲದಲ್ಲಿ ಇಂಬಳಕ್ಕಿಂತ ದಟ್ಟವಾದ ಒದ್ದೆ ಸೊಪ್ಪಿನ ಕಾಟ ಜಾಸ್ತಿ. ಅಡಿಕೆ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಹತ್ತು ಮೀಟರ್ ಜಾರುವುದು ಮಾಮೂಲು. ಒಂದು ಗುಂಟೆ ಎಂದರೆ 33 ಅಡಿ ಚೌಕ, ಹೆಚ್ಚುಕಡಿಮೆ ಹತ್ತು ಮೀಟರ್. ಅಲ್ಲಿಗೆ ಒಂದು ಮೂಲೆಯ ತಪ್ಪಿನಲ್ಲಿ ಪಕ್ಕದವರ ಅಡಿಕೆ ಸಾಲು ನಮ್ಮ ನಕ್ಷೆಯೊಳಗೆ ಬಂದುಬಿಡುತ್ತದೆ, ಊರೊಳಗೇ ಜಗಳ. ಅದಕ್ಕೇ ಪ್ರತಿ ಮೂಲೆಯಲ್ಲೂ ಒಂದೆರಡು ನಿಮಿಷ ನಿಂತು ಮೂರು ಸಲ ಗುರುತು ತೆಗೆಯುತ್ತೇವೆ. ನಾಲ್ಕೂ ಕಡೆಯ ಚೆಕ್ಕುಬಂದಿ ಅಕ್ಷರದಲ್ಲಿ ಬರೆದು ಪಕ್ಕದವರ ಸಹಿ ಹಾಕಿಸುತ್ತೇವೆ. ಫೋಟೋವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ತಾರೀಕು, ಜಾಗದ ಮಾಹಿತಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಹೊರದೇಶಕ್ಕೆ ಹೋಗುವ ಪ್ರತಿಯಿಂದ ಮಾತ್ರ ಆ ಮಾಹಿತಿಯನ್ನು ಬೇಕೆಂದೇ ಅಳಿಸುತ್ತೇವೆ, ಯಾರ ಮನೆ ಎಲ್ಲಿದೆ ಎಂದು ಲೋಕಕ್ಕೆ ಸಾರುವ ಅಗತ್ಯವಿಲ್ಲ.

ಇಂಗ್ಲಿಷಿಗೆ ಇಳಿಸುವಾಗ ಒಂದು ಪದದ ಮೇಲೆ ಕಣ್ಣಿಟ್ಟಿರಬೇಕು. ಕಚೇರಿಯ ಕಾಗದದಲ್ಲಿ ‘ಒತ್ತುವರಿ’ ಎಂದಿರುತ್ತದೆ. ಅನುವಾದಿಸುವವರು ಯೋಚನೆ ಮಾಡದೆ ‘ಎನ್‌ಕ್ರೋಚ್‌ಮೆಂಟ್’ ಎಂದು ಬರೆದರೆ, ನಮ್ಮ ಪರವಾಗಿ ಬರುವ ಪತ್ರವೇ ನಮ್ಮ ತಪ್ಪು ಒಪ್ಪಿಕೊಂಡಂತೆ. ನಮ್ಮ ಕರಡಿನಲ್ಲಿ ‘ಸಾಗುವಳಿ’ ಎಂಬುದಕ್ಕಷ್ಟೇ ಜಾಗ. ಕಾನು (ಮಲೆನಾಡಿನ ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಬಗರ್ ಹುಕುಂ ಇವನ್ನು ಹಾಗೇ ಬಿಟ್ಟು ತಲಾ ಒಂದು ಸಾಲಿನ ವಿವರಣೆ ಕೊಡುತ್ತೇವೆ.

ಪತ್ರದಲ್ಲಿ ಹೆಸರು ಹಾಕಲು ಒಪ್ಪಿಗೆಯನ್ನು ಮನೆಮನೆಗೆ ಹೋಗಿ ಪಡೆಯುತ್ತೇವೆ, ಗಂಡ ಹೆಂಡತಿಯನ್ನು ಬೇರೆಬೇರೆಯಾಗಿ ಕೇಳಿ. ಸಭೆಯಲ್ಲಿ ಎತ್ತಿದ ಕೈ ಒಪ್ಪಿಗೆಯಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ (ಅದು ನೇಮಿಸಿದ ಮಾನವ ಹಕ್ಕು ತಜ್ಞರಿಗೆ) ದೂರು ಹೋದರೆ ಅವರು ಸರ್ಕಾರಕ್ಕೆ ಬರೆದ ಪತ್ರ ಸಾಮಾನ್ಯವಾಗಿ 60 ದಿನದ ನಂತರ ಸಾರ್ವಜನಿಕವಾಗುತ್ತದೆ ಎಂಬುದನ್ನೂ ಆಗಲೇ ಹೇಳಬೇಕು.

ದುಡ್ಡು ಬೇಡ ಎಂದು ಮೊದಲ ಪತ್ರದಲ್ಲೇ ತಿಳಿಸುತ್ತೇವೆ. 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಊರಿನ ಸಮಿತಿ ಹೊರಗಿನ ಹಣ ಮುಟ್ಟುವಂತಿಲ್ಲ. ನೋಂದಣಿಯಿರುವ ಸಂಸ್ಥೆಯೂ 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಜೆರಾಕ್ಸ್ ಖರ್ಚು ಊರಿನದೇ.

ಹೊರಗಿನವರ ಪತ್ರ ಒಂದು ಪುಟ, ಒಂದು ಪ್ರಶ್ನೆ. ‘ಇಂಥ ದಿನ ಅರ್ಜಿ ತಿರಸ್ಕಾರವಾಗಿದೆ, ಅರಣ್ಯ ಹಕ್ಕು ಕಾಯ್ದೆಯ ನಿಯಮ 12ಎ ಪ್ರಕಾರ ಕಾರಣವನ್ನು ಬರಹದಲ್ಲಿ ಅರ್ಜಿದಾರರಿಗೆ ತಿಳಿಸಿದ್ದೀರಾ?’ ಇಷ್ಟು ಸಾಕು. ರೈತರ ಹಕ್ಕುಗಳ ಬಗ್ಗೆ 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಘೋಷಣೆಯ 17ನೇ ವಿಧಿಯನ್ನು, ಭೂಮಿಯ ಹಕ್ಕಿನದು, ಕೊನೆಯಲ್ಲಿ ಒಂದು ಸಾಲು ಸೇರಿಸಬಹುದು. ಗುಮಾಸ್ತರನ್ನು ಬೈಯುವ ಸಾಲು ಬೇಡ. ಒಂದೇ ಒಕ್ಕಣೆಯ ಇನ್ನೂರು ಪತ್ರ ಕಚೇರಿಯಲ್ಲಿ ಒಂದೇ ಪತ್ರ, ಬೇರೆಬೇರೆಯಾಗಿ ಬರೆದ ಹತ್ತು ಪತ್ರ ಹತ್ತೇ.

ಬ್ರೆಜಿಲ್ ಜೊತೆ ಮಾತುಕತೆಗೆ ನಮ್ಮ ಸಂಜೆ ಏಳೂವರೆ ಅನುಕೂಲ, ಅವರಲ್ಲಿ ಆಗ ಬೆಳಗಿನ ಹನ್ನೊಂದು. ಕರೆಂಟು ಹೋದರೆ ಧ್ವನಿ ಸಂದೇಶ. 1996ರ ಏಪ್ರಿಲ್ 17ರಂದು ಅಲ್ಲಿನ ಪಾರಾ ರಾಜ್ಯದಲ್ಲಿ ಪೊಲೀಸರ ದಾಳಿಗೆ 19 ಭೂಹೀನರು ಸತ್ತ ದಿನವನ್ನು ರೈತ ಹೋರಾಟದ ದಿನವೆಂದು ಆಚರಿಸುತ್ತಾರೆ. ಆ ಹೊತ್ತಿಗೆ ಅವರ ಊರುಗಳ ಪರವಾಗಿ ಇಲ್ಲಿಂದ ಪತ್ರ ಹೋಗುತ್ತದೆ. ಯಾವ ಜಾಗ, ಯಾವ ಆದೇಶ, ಯಾವ ದಿನಾಂಕ ಎಂದು ಅವರನ್ನೂ ಕೇಳುತ್ತೇವೆ. ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ.